ಕಾಗದ ಹಿಡಿಯಲು ಒಬ್ಬರು

ಮಂಗಳವಾರ ಸಂಜೆ ಬಸಳೆಯ ದಂಟು ಕೊಚ್ಚುತ್ತಿದ್ದಾಗ ಫೋನ್ ಬಂತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ.

“ಅಕ್ಕ, ನಾನು ರಾಮಕುಂಜದಿಂದ. ನನ್ನ ಮದುವೆಗೆ ನೀವೇ ನಿರೂಪಣೆ ಮಾಡಿದ್ದು, ನೆನಪುಂಟಾ?”

ನೆನಪಿತ್ತು. ಮದುಮಗಳಿಗಿಂತ ಹೆಚ್ಚಾಗಿ ಅವಳ ಅಮ್ಮನ ನೆನಪಿತ್ತು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದವರು. ಅಂದು ವೇದಿಕೆಯ ಪಕ್ಕದಲ್ಲಿ ನನ್ನ ಕೈಯಲ್ಲಿದ್ದ ಚೀಟಿ ನೋಡಿ, “ಇಷ್ಟು ಒಳ್ಳೆ ಸ್ವರ ಉಂಟು, ಇದೆಂತಕ್ಕೆ?” ಎಂದು ನಕ್ಕಿದ್ದರು. ಆ ಟೀಚರ್ ತೀರಿಕೊಂಡಿದ್ದರು. ಶುಕ್ರವಾರ ಕಡಬದ ಹಾಲ್ ಒಂದರಲ್ಲಿ ಉತ್ತರಕ್ರಿಯೆ. ನುಡಿನಮನಕ್ಕೆ ನಾನು ಬರಬೇಕಂತೆ.

ನಮ್ಮ ಕಡೆ ಮದುವೆಗೆ ನಿರೂಪಣೆ ಮಾಡುವವರನ್ನೇ ಇದಕ್ಕೂ ಕರೆಯುತ್ತಾರೆ. ಊಟಕ್ಕೆ ಮೊದಲು, ಬಂದವರೆಲ್ಲ ಕುರ್ಚಿಗಳಲ್ಲಿ ಕೂತಿರುವಾಗ, ತೀರಿಕೊಂಡವರ ಬಗ್ಗೆ ನಾಲ್ಕು ಮಾತು ಹೇಳಬೇಕು. ಕೊನೆಗೆ ಎಲ್ಲರನ್ನೂ ಎದ್ದು ನಿಲ್ಲಿಸಿ ಮೌನ ಪ್ರಾರ್ಥನೆ. ಮದುವೆಯ ಸ್ವರವೇ ಬೇರೆ, ಇದರದ್ದೇ ಬೇರೆ. ಇಲ್ಲಿ ಮಾತು ಚಂದವಾದಷ್ಟೂ ಕೆಟ್ಟದು. ಇಷ್ಟನ್ನು ಕಲಿಯಲು ನನಗೆ ಬಹಳ ಕಾಲ ಬೇಕಾಯಿತು.

“ಅಮ್ಮನ ಪದ್ಯ ಒಂದುಂಟು ಅಕ್ಕ,” ಎಂದಳು ಮಗಳು. “ಅಮ್ಮನೇ ಕಟ್ಟಿದ್ದು. ಅದನ್ನು ನೀವು ಬಾಯಿಪಾಠ ಹೇಳ್ಬೇಕು.”

“ಓದಿದರೆ ಆಗುದಿಲ್ವಾ?”

“ಅಮ್ಮನ ಹತ್ರ ಕಲಿತವರೆಲ್ಲ ಬರ್ತಾರೆ. ಪುಸ್ತಕ ನೋಡಿ ಪದ್ಯ ಹೇಳಿದವರನ್ನು ಅಮ್ಮ ಬೆಂಚಿನ ಮೇಲೆ ನಿಲ್ಲಿಸ್ತಿದ್ದದ್ದು. ಅವರೆದುರು ನೀವು ಚೀಟಿ ಹಿಡ್ಕೊಂಡು ಓದುದಾ?” ಎಂದು ನಗಲು ನೋಡಿದಳು. ಆಮೇಲೆ ಸ್ವರ ಇಳಿಯಿತು. “ಅದು ಬಿಡಿ ಅಕ್ಕ. ಅಪ್ಪನಿಗೆ ಅದನ್ನು ಒಂದು ಸಲ ಪೂರ್ತಿ ಕೇಳ್ಬೇಕಂತೆ, ಅಮ್ಮ ಹೇಳಿದ ಹಾಗೆ. ಅಮ್ಮ ಹೋದ ಮೇಲೆ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದೇ.”

ಅಪ್ಪ ನೆಟ್ಟಣದ ರೈಲ್ವೆ ಸ್ಟೇಷನ್ನಿನಲ್ಲಿ ಹಳಿ ಬದಲಿಸಿ, ಗಾಡಿಗೆ ಹಸಿರು ನಿಶಾನೆ ತೋರಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತರಾದವರು. ಅವರು ರಾತ್ರಿಪಾಳಿಗೆ ಹೊರಡುವಾಗ ಟೀಚರ್ ಬುತ್ತಿಯನ್ನು ಕೈಗೆ ಕೊಟ್ಟು, ಬಾಗಿಲಲ್ಲಿ ನಿಂತು ಈ ಪದ್ಯ ಹೇಳುತ್ತಿದ್ದರಂತೆ. ಪೆನ್ಶನ್ ಆದ ಮೇಲೂ ಬಿಡಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ ಹೇಳಿಯೇ ಅಡುಗೆಮನೆಗೆ ಹೋಗುವುದು. ಬರೆದಿಟ್ಟದ್ದು ಎಲ್ಲಿಯೂ ಇಲ್ಲ. ಬರೆದಿಟ್ಟರೆ ಬಾಯಿ ಸೋಮಾರಿಯಾಗುತ್ತದೆ ಎನ್ನುವವರು ಅವರು.

“ಹಾಗಾದರೆ ನನಗೆ ಸಿಗುದು ಎಲ್ಲಿಂದ ಮಾರಾಯ್ತಿ?”

“ವಾಯ್ಸ್ ಮೆಸೇಜ್ ಉಂಟು. ನನ್ನ ಮಗಳಿಗೆ ಶಾಲೆಯಲ್ಲಿ ಹೇಳ್ಲಿಕ್ಕೆ ಬೇಕು ಅಂತ ಅಮ್ಮನ ಹತ್ರ ಕಳಿಸ್ಲಿಕ್ಕೆ ಹೇಳಿದ್ದೆ.”

“ಅದನ್ನೇ ಮೈಕಿನಲ್ಲಿ ಹಾಕ್ಬಹುದಲ್ಲ?”

“ಅಪ್ಪ ಬೇಡ ಹೇಳ್ತಾರೆ. ಹೋದವಳ ಸ್ವರ ಊಟದ ಹಾಲಿನಲ್ಲಿ ಕೇಳ್ಸುದು ಬೇಡ ಅಂತೆ. ನಾನು ಹೇಳುವ ಅಂದ್ರೆ ಎರಡನೇ ಸಾಲಿಗೇ ಅತ್ತುಬಿಡ್ತೇನೆ.”

ಒಪ್ಪಿಕೊಂಡೆ. ಬಸಳೆ ಅರ್ಧಕ್ಕೇ ಉಳಿಯಿತು.

ನನ್ನ ವಾಸ ಕಬಕದಲ್ಲಿ, ಒಂದು ಹೊಲಿಗೆ ಅಂಗಡಿಯ ಮೇಲಿನ ಮನೆಯಲ್ಲಿ. ಫೋನನ್ನು ಖಾಲಿ ಸ್ಟೀಲ್ ಚೊಂಬಿನೊಳಗೆ ನಿಲ್ಲಿಸಿದರೆ ಸ್ವರ ದೊಡ್ಡದಾಗಿ ಕೇಳುತ್ತದೆ. ಮಗಳು ಕಳಿಸಿದ ಮೆಸೇಜನ್ನು ಹಾಗೆ ಹಾಕಿ ಕೂತೆ. ಹಿಂದೆ ಪಾತ್ರೆಗಳ ಸದ್ದು, ಯಾವುದೋ ಕೋಳಿ. ನಡುವೆ ಟೀಚರ ಸ್ವರ, ತರಕಾರಿಯ ಲೆಕ್ಕ ಹೇಳಿದಷ್ಟೇ ಸಾದಾ.

ಬುತ್ತಿಯ ಮುಚ್ಚಳ ಬಿಗಿದಿಟ್ಟಿರುವೆ, ಬಿಸಿಯಿರುವಾಗಲೆ ಉಣ್ಣು;
ಘಟ್ಟವನಿಳಿಯುವ ಗಾಡಿಯು ಬರಲು ಹಸಿರಿನ ಮೇಲಿಡು ಕಣ್ಣು.

ಮನೆಯಲ್ಲಿ ಅವರ ಮಾತು ತುಳು. ಗಂಡನನ್ನು ಟೀಚರ್ ಏಕವಚನದಲ್ಲಿ ಕರೆದದ್ದನ್ನು ಯಾರೂ ಕೇಳಿರಲಾರರು. ಪದ್ಯ ಮಾತ್ರ ಕನ್ನಡ, ಪದ್ಯದಲ್ಲಿ ಮಾತ್ರ ‘ನೀನು’. ಎರಡನೆಯ ಚರಣ ಕೊಡೆಯದ್ದು, ಮೂರನೆಯದು ತೊಟ್ಟಿಲಿನದ್ದು, ನಾಲ್ಕನೆಯದು ಬೆಳಗಿನ ಗಂಜಿಯದ್ದು. ಅಷ್ಟಾಗುವಾಗ ಕುಕ್ಕರಿನ ಸೀಟಿ ಕೇಳಿಸಿತು, ಟೀಚರ್ ಪದ್ಯ ಬಿಟ್ಟು ತುಳುವಿಗೆ ಬಂದರು.

“ತಡಿ, ಕುಕ್ಕರ್ ಇಳಿಸಿ ಬರ್ತೇನೆ. ಕೊನೆಯ ಚರಣ ಒಂದುಂಟು.”

ಮೆಸೇಜ್ ಅಲ್ಲಿಗೆ ಮುಗಿದಿತ್ತು. ಮುಂದಿನದ್ದು ಇರಲಿಲ್ಲ.

ಮಗಳಿಗೆ ಫೋನ್ ಮಾಡಿದೆ. “ಮಗುವಿಗೆ ಅಷ್ಟೇ ಸಾಕಾಯ್ತು ಅಕ್ಕ, ಉಳಿದದ್ದು ಮತ್ತೆ ಕೇಳುವ ಅಂತ ಇದ್ದೆ,” ಎಂದಳು. ಅಪ್ಪನಿಗೆ ಗೊತ್ತಿರಬೇಕಲ್ಲ ಎಂದು ಕೇಳಿದರೆ, “ಗೊತ್ತಿಲ್ಲ ಹೇಳ್ತಾರೆ. ಇಷ್ಟು ವರ್ಷ ಕೇಳಿದ್ದು ಮಾತ್ರ, ಒಂದು ದಿನವೂ ಹೇಳಿದ್ದಿಲ್ಲವಂತೆ. ನೆನಪು ಮಾಡ್ಲಿಕ್ಕೆ ಹೋದರೆ ಮುಖ ಸಣ್ಣದಾಗ್ತದೆ. ನಾನು ಮತ್ತೆ ಕೇಳ್ಲಿಲ್ಲ.”

“ನೋಡುವ. ಎಂತಾದರೂ ಮಾಡುವ,” ಎಂದೆ.

ಬುಧವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಬೇಗ ಬಾಯಿಪಾಠ ಮಾಡಬೇಕಾದಾಗ ನಾನು ಮೊದಲು ಮಾಡುವುದು ಕೈಬರಹದಲ್ಲಿ ಇಳಿಸಿಕೊಳ್ಳುವುದು. ಮೊಬೈಲಿನಲ್ಲಿ ನೋಡಿದ್ದು ಕಣ್ಣಿನಲ್ಲಿ ನಿಲ್ಲುತ್ತದೆ, ನಾಲಿಗೆಗೆ ಇಳಿಯುವುದಿಲ್ಲ. ಒಂದು ಚರಣಕ್ಕೆ ಒಂದು ಚೀಟಿ. ಆಮೇಲೆ ಕೊನೆಯಿಂದ ಹಿಂದಕ್ಕೆ ಕಲಿಯುವುದು. ಮೊದಲಿನಿಂದ ಹೋದರೆ ಆರಂಭ ಗಟ್ಟಿಯಾಗುತ್ತದೆ, ಮುಂದೆ ಹೋದ ಹಾಗೆ ನೆಲ ಜಾರುತ್ತದೆ. ಹಿಂದಿನಿಂದ ಬಂದರೆ, ವೇದಿಕೆಯಲ್ಲಿ ಪ್ರತಿ ಹೆಜ್ಜೆಯೂ ಹೆಚ್ಚು ಗೊತ್ತಿದ್ದ ಕಡೆಗೇ ಇರುತ್ತದೆ. ಹಾಗಾಗಿ ಗಂಜಿಯ ಚರಣದಿಂದ ಶುರು ಮಾಡಿದೆ.

ಚರಣಗಳ ಅನುಕ್ರಮ ತಪ್ಪದಿರಲು ಸಾಮಾನು ಇಟ್ಟುಕೊಂಡೆ. ಮೇಜಿನ ಮೇಲೆ ಸಾಲಾಗಿ ಬುತ್ತಿಪಾತ್ರೆ, ಕೊಡೆ, ಗಂಜಿಯ ತಪಲೆ. ತೊಟ್ಟಿಲಿಗೆ ನನ್ನ ಮನೆಯಲ್ಲಿ ಏನೂ ಇರಲಿಲ್ಲ. ಒಗೆದ ಬಟ್ಟೆಯ ಬುಟ್ಟಿ ತಂದಿಟ್ಟೆ. ಒಂದೊಂದನ್ನು ಮುಟ್ಟಿ ಒಂದೊಂದು ಚರಣ ಹೇಳುವುದು, ಆಮೇಲೆ ಮುಟ್ಟದೆ ನೋಡುವುದು, ಆಮೇಲೆ ಗೋಡೆಯ ಕಡೆ ತಿರುಗಿ ಹೇಳುವುದು. ಗುಡಿಸುವಾಗ, ತೆಂಗಿನಕಾಯಿ ತುರಿಯುವಾಗಲೂ ಹೇಳುತ್ತಿರಬೇಕು. ಕೈ ಬೇರೆ ಕೆಲಸದಲ್ಲಿರುವಾಗ ತಪ್ಪದೆ ಬಂದರೆ ಮಾತ್ರ ಬಂತು ಎಂದು ಲೆಕ್ಕ.

ಇಷ್ಟೆಲ್ಲ ಒಬ್ಬಳೇ ಮಾಡಬಹುದು. ಒಂದು ಮಾತ್ರ ಒಬ್ಬಳಿಂದ ಆಗುವುದಿಲ್ಲ. ಎದುರಿಗೆ ಕಾಗದ ಹಿಡಿದು ಕೂತು, ತಪ್ಪಿದಲ್ಲಿ ಹೂಂ ಎನ್ನದೆ ಸುಮ್ಮನಿರುವವರು ಒಬ್ಬರು ಬೇಕು. ನನ್ನವರು ಮೈಕ್ ಸೆಟ್ಟಿನ ಕೆಲಸದವರು. ಸುಳ್ಯದಿಂದ ಕಡಬದವರೆಗೆ ಅವರ ಪೆಟ್ಟಿಗೆಗಳು ಹೋಗದ ಹಾಲ್ ಇರಲಿಲ್ಲ. ವಯರು ಸುತ್ತುತ್ತಾ, ಕಾಗದವನ್ನು ಮೊಣಕಾಲಿನ ಮೇಲಿಟ್ಟುಕೊಂಡು ನಾನು ಹೇಳಿದ್ದನ್ನು ಒಪ್ಪಿಸಿಕೊಳ್ಳುತ್ತಿದ್ದರು. ತಪ್ಪಿದರೆ ವಯರು ಸುತ್ತುವುದು ನಿಲ್ಲುತ್ತಿತ್ತು, ಅಷ್ಟೇ. ಅವರು ಹೋದ ಮೇಲೆ ಕಾಗದವನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ, ಮೇಲೊಂದು ತಟ್ಟೆ ಮುಚ್ಚಿ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳುವುದು ಅಭ್ಯಾಸ. ಆದರೆ ತಟ್ಟೆ ಎತ್ತುವ ಕೈಯೂ ನನ್ನದೇ ಅಲ್ಲವೆ? ತಡವರಿಸುವ ಮೊದಲೇ ಎತ್ತಿಬಿಡುತ್ತದೆ.

ಮಧ್ಯಾಹ್ನ ಕೆಳಗಿನ ಹೊಲಿಗೆಯವಳ ಹತ್ತಿರ, ನಾಲ್ಕೂ ಚರಣ ಒಟ್ಟಿಗೆ ಬರೆದ ಕಾಗದ ತೆಗೆದುಕೊಂಡು ಹೋದೆ. ಅವಳು ಅದನ್ನು ಮಿಷನ್ನಿನ ಮೇಲಿಟ್ಟು ರವಿಕೆಯ ತೋಳು ಕೂಡಿಸುತ್ತಾ, “ಹೇಳಿ ಅಕ್ಕ, ನಾನು ನೋಡ್ತೇನೆ,” ಎಂದಳು. ನಾಲ್ಕೂ ಚರಣ ಹೇಳಿದೆ. ಬೇಕೆಂದೇ ಒಂದು ಸಾಲು ಬಿಟ್ಟೆ.

“ಸರಿ ಉಂಟು, ಸರಿ ಉಂಟು. ಲಾಯ್ಕ ಆಗಿದೆ,” ಎಂದಳು ತಲೆ ಎತ್ತದೆ. “ಎಲ್ಲಿ, ಮದುವೆಯಲ್ಲಿ ಹಾಡ್ಲಿಕ್ಕಾ?”

“ಅಲ್ಲ ಮಾರಾಯ್ತಿ. ಉತ್ತರಕ್ರಿಯೆಯಲ್ಲಿ.”

ಮಿಷನ್ ನಿಂತಿತು. “ಅಯ್ಯೋ! ಸತ್ತವರ ಊಟಕ್ಕೆ ಯಾರಾದರೂ ಹೀಗೆ ರಾಗ ತೆಗೀತಾರಾ ಅಕ್ಕ? ಚೆಂಡೆ ಒಂದು ಕಮ್ಮಿ!”

ಆಗಲೇ ನನಗೆ ಗೊತ್ತಾದದ್ದು, ನಾನು ಬೆಳಗಿನಿಂದ ಪದ್ಯವನ್ನು ಹೇಳುತ್ತಿರಲಿಲ್ಲ, ಹಾಡುತ್ತಿದ್ದೆ. ನಮ್ಮೂರಿನವರ ಬಾಯಿಯ ಗುಣವೇ ಅದು. ಯಕ್ಷಗಾನದ ಆಟ, ತಾಳಮದ್ದಳೆ ಕೇಳಿ ಬೆಳೆದ ಕಿವಿ. ನಾಲ್ಕು ಮಾತ್ರೆಯ ಸಾಲು ಸಿಕ್ಕಿತೆಂದರೆ ನಾಲಿಗೆ ಭಾಗವತರ ಹಿಂದೆ ಹೊರಟುಬಿಡುತ್ತದೆ. ರಾಗದಲ್ಲಿ ಕಲಿತದ್ದು ಬೇಗ ಬರುತ್ತದೆ, ನಿಜ. ಆದರೆ ರಾಗವನ್ನು ಬಿಡಿಸಲು ಹೋದರೆ ಮಾತು ಕೂಡ ಅದರ ಜೊತೆಗೇ ಕಿತ್ತುಕೊಂಡು ಬರುತ್ತದೆ. ಮೇಲೆ ಹೋಗಿ, ರಾಗವಿಲ್ಲದೆ ಹೇಳಲು ನೋಡಿದೆ. ಕೊಡೆಯ ಚರಣದಲ್ಲೇ ನಿಂತೆ. ಎದುರಿಗೆ ಕೊಡೆ ಇತ್ತು, ಮಾತಿರಲಿಲ್ಲ.

ಸಂಜೆಯವರೆಗೆ ಅದನ್ನು ಬಿಚ್ಚುವ ಕೆಲಸ. ಸಾಲಿನ ನಡುವೆ ನೀರು ಕುಡಿದು ಹೇಳಿದೆ, ನಡೆಯುತ್ತಾ ಹೇಳಿದೆ, ಪಿಸುಮಾತಿನಲ್ಲಿ ಹೇಳಿದೆ. ಸ್ವಲ್ಪ ಸಡಿಲವಾಯಿತು, ಪೂರ್ತಿ ಬಿಡಲಿಲ್ಲ. ಕೊನೆಯ ಚರಣ ಹೇಗೂ ಇಲ್ಲ. ಅದಕ್ಕೆ ನಾನು ಇನ್ನೊಂದು ಉಪಾಯ ಮಾಡಿದೆ. ನಿರೂಪಣೆಯವರಿಗೆ ಎರಡು ಸಾಲು ಹೊಸೆಯುವುದು ಕಷ್ಟವಲ್ಲ; ಮದುಮಕ್ಕಳ ಹೆಸರು ಸೇರಿಸಿ ನಿಂತಲ್ಲೇ ಕಟ್ಟಿದ ಅಭ್ಯಾಸ ಉಂಟು. ಕಟ್ಟಿದೆ:

ಚುಕ್ಕಿಗಳೆಲ್ಲವು ಮಲಗಿದ ಮೇಲೂ ಹಣತೆಯು ಉರಿವುದು ಇಲ್ಲಿ;
ಜನುಮದ ಜನುಮಕು ಕಾಯುವೆ ನಿನ್ನನು ಕಂಬನಿ ಎಣ್ಣೆಯ ಚೆಲ್ಲಿ.

ಮಾತ್ರೆ ಸರಿ, ಪ್ರಾಸ ಸರಿ. ಹಾಲಿನಲ್ಲಿ ಹೇಳಿದರೆ ಹೆಂಗಸರು ಕಣ್ಣೊರೆಸಿಕೊಳ್ಳುವುದು ಖಂಡಿತ. ಒಂದು ಚೀಟಿಯಲ್ಲಿ ಬರೆದು, ಬುತ್ತಿ, ಕೊಡೆ, ಬುಟ್ಟಿ, ತಪಲೆಯ ಪಕ್ಕ ದೇವರ ಮುಂದಿನ ಹಣತೆ ತಂದಿಟ್ಟೆ. ಹೊರಗೆ ರೈಲು ಹೋಯಿತು. ಕಬಕದಲ್ಲಿ ಅದರ ಸದ್ದು ನಾವು ಗಮನಿಸುವುದಿಲ್ಲ. ಅವತ್ತು ಗಮನಿಸಿದೆ. ಈ ಗಾಡಿ ನೆಟ್ಟಣ ದಾಟಿ ಘಟ್ಟ ಹತ್ತಬೇಕು, ಅಲ್ಲಿ ಯಾರೋ ಒಬ್ಬರು ಹಸಿರು ಹಿಡಿದು ನಿಂತಿರುತ್ತಾರೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಚಾ ಕುಡಿಯುತ್ತಾ ಐದೂ ಚರಣ ಒಮ್ಮೆ ಹೇಳಿದೆ. ನಾಲ್ಕರವರೆಗೆ ಒಬ್ಬ ಹೆಂಗಸು ಗಂಡನ ಬುತ್ತಿ, ಕೊಡೆ, ಗಂಜಿ ಎಂದು ಹೇಳುತ್ತಿದ್ದವಳು ಐದನೆಯದಕ್ಕೆ ಬರುವಾಗ ಎದ್ದು ಹೋದ ಹಾಗಿತ್ತು; ಆ ಜಾಗದಲ್ಲಿ ಮದುವೆ ವೇದಿಕೆಯ ಜರಿಸೀರೆ ಉಟ್ಟ ನಾನು ನಿಂತಿದ್ದೆ. ಸಭೆಗೆ ಅದು ಗೊತ್ತಾಗುವುದಿಲ್ಲ. ಒಬ್ಬರಿಗೆ ಮಾತ್ರ ಗೊತ್ತಾಗುತ್ತದೆ. ಆ ಒಬ್ಬರಿಗೋಸ್ಕರವೇ ಈ ಕೆಲಸ. ಹಣತೆಯನ್ನು ದೇವರ ಮುಂದೆ ವಾಪಸು ಇಟ್ಟೆ. ಚೀಟಿ ಹರಿದು ಒಲೆಗೆ ಹಾಕಿದೆ. ಸೀರೆ ಬದಲಿಸಿ, ಪುತ್ತೂರಿಗೆ ಹೋಗಿ, ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ರಾಮಕುಂಜದಲ್ಲಿ ಇಳಿದೆ. ಬಸ್ಸಿನಲ್ಲಿ ಇಡೀ ದಾರಿ ತುಟಿ ಅಲ್ಲಾಡಿಸುತ್ತಿದ್ದದ್ದಕ್ಕೆ ಪಕ್ಕದ ಹೆಂಗಸು ನಾನು ಜಪ ಮಾಡುತ್ತಿದ್ದೇನೆ ಎಂದುಕೊಂಡು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಮನೆ ರಸ್ತೆಬದಿಯಲ್ಲೇ. ಅಂಗಳದಲ್ಲಿ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು. ಮಗಳು ನನ್ನನ್ನು ಕಂಡು ಗಾಬರಿಯಾದಳು. “ಎಂತ ಅಕ್ಕ, ನಾಳೆ ಬರುದಿಲ್ವಾ?”

“ಬರ್ತೇನೆ. ಇವತ್ತು ಅಪ್ಪನ ಹತ್ರ ಒಂದು ಸಲ ಒಪ್ಪಿಸ್ಲಿಕ್ಕೆ ಬಂದದ್ದು.”

ಅವರು ಜಗಲಿಯಲ್ಲಿ ಕೂತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಪಂಚೆ. ಬಂದವರೆಲ್ಲ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾದ ಮುಖ. ನಾನು ಯಾರೆಂದು ಮಗಳು ಹೇಳಿದಳು.

“ಕೊನೆಯ ಚರಣ ನನಗೆ ಬರುದಿಲ್ಲ ಮಾರಾಯ್ರೆ,” ಎಂದರು ನಾನು ಕೇಳುವ ಮೊದಲೇ. “ಕೇಳ್ಬೇಡಿ. ಕೇಳಿದರೆ ಇದ್ದದ್ದೂ ಹೋಗ್ತದೆ.”

“ನಾನು ಕೇಳುದಿಲ್ಲ ಅಣ್ಣ. ನೀವು ಕೇಳಿ. ನಾನು ಹೇಳ್ತೇನೆ, ತಪ್ಪಿದರೆ ಹೇಳಿ.” ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ನೋಡಲೂ ಇಲ್ಲ, ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಬುತ್ತಿಯಿಂದ ಶುರು ಮಾಡಿದೆ. ಎದುರಿಗೆ ಮನುಷ್ಯರು ಕೂತ ಕೂಡಲೇ ನನ್ನ ಸ್ವರ ವೇದಿಕೆ ಹತ್ತಿತು. ಅದರ ಹಿಂದೆಯೇ ರಾಗವೂ ಬಂತು. ಗಂಜಿಯವರೆಗೆ ಹೋಗಿ ನಿಂತೆ. ಅವರ ಮುಖದಲ್ಲಿ ಏನೂ ಇರಲಿಲ್ಲ.

“ಮಾತು ಸರಿ ಉಂಟು,” ಎಂದರು. “ಆದರೆ ಅವಳು ಹಾಡ್ತಿರಲಿಲ್ಲ. ಅವಳಿಗೆ ರಾಗವೂ ಇಲ್ಲ, ತಾಳವೂ ಇಲ್ಲ. ನನ್ನ ಬಸ್ಸು ಬರ್ಲಿಕ್ಕೆ ಆಗಿರ್ತಿತ್ತು, ಹಾಡ್ಲಿಕ್ಕೆ ಪುರುಸೊತ್ತೆಲ್ಲಿ? ಹೇಳ್ತಿದ್ದದ್ದು ಅಷ್ಟೆ.”

“ಎಲ್ಲಿ ನಿಂತು?”

“ಅಲ್ಲಿ.” ಬಾಗಿಲಿನ ಕಡೆ ಕೈ ತೋರಿಸಿದರು.

ಮಗಳ ಕಡೆ ನೋಡಿದೆ. ಅವಳು ತಲೆಯಾಡಿಸಿದಳು. ಒಳಗೆ ಹೋಗಿ, ಅಡುಗೆಮನೆಯಿಂದ ಹಳೆಯ ಬುತ್ತಿಪಾತ್ರೆ ಕೇಳಿ ತಂದೆ. ಬಾಗಿಲಲ್ಲಿ ನಿಂತು ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದೆ. ಬಸ್ಸು ಬರಲಿಕ್ಕಾಯಿತು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಮೈಕನ್ನು ಮರೆತು, ಮನೆಯವರಿಗೆ ಜಾಗ್ರತೆ ಹೇಳುವ ಹಾಗೆ, ಸ್ವಲ್ಪ ಅವಸರದಲ್ಲಿ ಹೇಳಿದೆ. ರಾಗ ಬರಲಿಲ್ಲ. ಬುತ್ತಿ, ಕೊಡೆ, ತೊಟ್ಟಿಲು. ಗಂಜಿಯ ಚರಣ ಮುಗಿದು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ನಿಂತೆ. ಮುಂದೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಆ ಖಾಲಿ ಜಾಗದಲ್ಲಿ ಅವರ ಸ್ವರ ಬಂತು. ನನ್ನನ್ನು ನೋಡುತ್ತಿರಲಿಲ್ಲ, ರಸ್ತೆಯನ್ನು ನೋಡುತ್ತಿದ್ದರು.

ಹೊಸ್ತಿಲ ಬಳಿಯಲಿ ಕೆಮ್ಮುವುದೇತಕೆ, ಹೆಜ್ಜೆಯ ಸದ್ದನೆ ಬಲ್ಲೆ;
ಬಾಗಿಲ ಚಿಲಕವ ಹಾಕಿಯೆ ಇಲ್ಲ, ಎಚ್ಚರವಿರುವೆನು ಇಲ್ಲೆ.

ಹೇಳಿ ಮುಗಿಸಿ, ಹೇಳಿದ್ದು ತಾವೇ ಎಂದು ಗೊತ್ತಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಮಗಳು ಒಳಗೆ ಹೋದಳು.

ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು ಅವರೇ ಹೇಳಿದರು. “ಪಾಳಿ ಮುಗಿಸಿ ಬೆಳಿಗ್ಗೆ ಬರುವಾಗ ಬಾಗಿಲು ತಟ್ಟಿದರೆ ಮಗು ಏಳ್ತದೆ. ಹಾಗೆ ಹೊಸ್ತಿಲ ಹತ್ರ ಒಮ್ಮೆ ಕೆಮ್ಮುದು. ಅದನ್ನೂ ಪದ್ಯಕ್ಕೆ ಹಾಕಿದ್ದಳು, ನೋಡಿ.”

ನನ್ನ ಹಣತೆಯೂ ಕಂಬನಿಯೂ ಒಲೆಯಲ್ಲಿ ಬೂದಿಯಾದದ್ದು ಒಳ್ಳೆಯದಾಯಿತು ಎಂದುಕೊಂಡೆ.

ಮಗಳು ಕೊಟ್ಟ ಶರಬತ್ತು ಕುಡಿದು ಎದ್ದೆ. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ‘ಬರ್ತೇನೆ’ ಎಂದು ಹೇಳಬಾರದು, ಸುಮ್ಮನೆ ಎದ್ದು ಹೋಗಬೇಕು. ಸುಮ್ಮನೆ ಎದ್ದು ಬಂದೆ. ಕಾಗದ ಅವರ ತೊಡೆಯ ಮೇಲೆಯೇ ಉಳಿಯಿತು. ನಾನು ವಾಪಸು ಕೇಳಲಿಲ್ಲ.

ಹೊಸ ಚರಣವನ್ನು ಬಸ್ಸಿನಲ್ಲಿ ಕಲಿತೆ. ಕಲಿತೆ ಎನ್ನುವುದೂ ಹೆಚ್ಚು. ಒಮ್ಮೆ ಕೇಳಿದ್ದು ಹಾಗೆಯೇ ನಿಂತಿತ್ತು. ಮನೆಗೆ ಬಂದು ಮೇಜಿನ ಮೇಲಿನ ಸಾಮಾನುಗಳನ್ನೆಲ್ಲ ಅವುಗಳ ಜಾಗದಲ್ಲಿಟ್ಟು, ಬಾಗಿಲಲ್ಲಿ ನಿಂತು ಹೇಳಿ ನೋಡಿದೆ. ಆಮೇಲೆ ಬೇಗ ಮಲಗಿದೆ. ಕೊನೆಯ ದಿನ ರಾತ್ರಿ ತಿದ್ದಲು ಕೂತರೆ ಬಂದದ್ದೂ ಕದಡುತ್ತದೆ. ನಿದ್ದೆಯೂ ಕಾಗದ ಹಿಡಿಯುವವರ ಹಾಗೆಯೇ, ಸುಮ್ಮನಿದ್ದೇ ಕೆಲಸ ಮಾಡುತ್ತದೆ.

ಶುಕ್ರವಾರ ಹಾಲ್ ತುಂಬಿತ್ತು. ಹಿಂದೆ ಅಡುಗೆಯವರ ಸೌಟಿನ ಸದ್ದು, ಮಕ್ಕಳ ಓಡಾಟ. ಜೀವನದ ವಿವರವನ್ನು ಚಿಕ್ಕದಾಗಿ ಹೇಳಿ ಮುಗಿಸಿದೆ. ಆಮೇಲೆ ಚೀಟಿಯನ್ನು ಸ್ಟೂಲಿನ ಮೇಲಿಟ್ಟು ಮೈಕಿನಿಂದ ಒಂದು ಹೆಜ್ಜೆ ಹಿಂದೆ ನಿಂತೆ. ಹತ್ತಿರ ನಿಂತರೆ ನನ್ನ ಸ್ವರಕ್ಕೆ ಆಸೆ ಹುಟ್ಟುತ್ತದೆ. ಎದುರಿನ ಯಾರ ಮುಖವನ್ನೂ ನೋಡದೆ, ಹಾಲಿನ ಬಾಗಿಲ ಚೌಕಟ್ಟನ್ನು ನೋಡಿದೆ. ಕೈಯಲ್ಲಿ ಬುತ್ತಿ ಇಲ್ಲದಿದ್ದರೂ ಅದರ ಭಾರವನ್ನು ನೆನೆದು ಹೇಳತೊಡಗಿದೆ.

ನಡುವೆ ಒಂದು ಮಗು ಅತ್ತಿತು. ನಾನು ನಿಲ್ಲಲಿಲ್ಲ. ತೊಟ್ಟಿಲಿನ ಚರಣ, ಹೇಗೂ ಮಗು ಅಳಬೇಕಾದ ಜಾಗವೇ. ಗಂಜಿ ಮುಗಿದು ಉಸಿರು ತೆಗೆದುಕೊಂಡು ಹೊಸ್ತಿಲಿಗೆ ಬಂದೆ. ಮುಂದಿನ ಸಾಲಿನಲ್ಲಿ ಅವರು ಕೂತಿದ್ದಾರೆಂದು ಗೊತ್ತಿತ್ತು, ನೋಡಲಿಲ್ಲ. ಮುಗಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಅಲ್ಲಿ ತಟ್ಟುವುದಿಲ್ಲ. ಹಿಂದಿನ ಸಾಲುಗಳಲ್ಲಿದ್ದ ಟೀಚರ ಶಿಷ್ಯರು, ನಾನು ಮೌನ ಪ್ರಾರ್ಥನೆ ಎನ್ನುವ ಮೊದಲೇ, ಶಾಲೆಯಲ್ಲಿ ನಿಲ್ಲುವ ಹಾಗೆ ಎದ್ದು ನಿಂತರು.

ಊಟದ ಹೊತ್ತಿಗೆ ಅವರು ನನ್ನ ಎಲೆಯ ಹತ್ತಿರ ಬಂದರು. “ಪಾಯಸ ಹಾಕಿಸಿಕೊಳ್ಳಿ,” ಎಂದರು.

ಕೆಲವು ದಿನ ಕಳೆದು, ದೀಪ ಹಚ್ಚಿದ ಹೊತ್ತಿಗೆ ಫೋನ್ ಬಂತು. “ನಾನು ಪಾಯಿಂಟ್ಸ್‌ಮನ್. ಪದ್ಯ ಕಲಿಯುವ ಅಂತ ಉಂಟು ಮಾರಾಯ್ರೆ. ಈ ಪ್ರಾಯದಲ್ಲಿ ತಲೆಗೆ ಹೋಗ್ತದಾ?”

“ರಾಗ ಹಾಕ್ಬೇಡಿ. ಕೈಯಲ್ಲಿ ಎಂತಾದರೂ ಕೆಲಸ ಇಟ್ಕೊಳ್ಳಿ,” ಎಂದೆ.

ಆಮೇಲೆ ಸಂಜೆಗಳಲ್ಲಿ ಅವರು ಹೇಳುವುದು, ನಾನು ಕೇಳುವುದು. ಅಲ್ಲಿಂದ ಬೀನ್ಸ್ ಮುರಿಯುವ ಸದ್ದು ಬರುತ್ತಿತ್ತು. ತಪ್ಪಿದರೆ ನಾನು ಸುಮ್ಮನಾಗುತ್ತಿದ್ದೆ, ಅವರಿಗೆ ತಿಳಿಯುತ್ತಿತ್ತು. ಗಂಜಿಯ ಚರಣದವರೆಗೆ ಗಟ್ಟಿಯಾದ ದಿನ, “ಇನ್ನು ಕೊನೆಯದ್ದು,” ಎಂದೆ.

“ಅದು ಬೇಡ.”

“ಯಾಕೆ? ಅದು ನಿಮ್ಮ ಬಾಯಿಂದಲೇ ಬಂದದ್ದಲ್ವಾ?”

“ಅದು ನಾನು ಹೇಳ್ಲಿಕ್ಕೆ ಇರುದಲ್ಲ, ಕೇಳ್ಲಿಕ್ಕೆ ಇರುದು. ನಾನೇ ಹೇಳಿದರೆ ಒಳಗೆ ಇರುದು ಯಾರು?” ಎಂದರು. “ಅದನ್ನು ನೀವು ಹೇಳಿ.”

ಎದ್ದು ಬಾಗಿಲಿಗೆ ಹೋಗಿ ನಿಂತು ಹೇಳಿದೆ. ಆ ಕಡೆಯಿಂದ ಒಂದು ಸಣ್ಣ ಕೆಮ್ಮು.

ಫೋನ್ ಇಟ್ಟೆ. ನನ್ನ ಬಾಗಿಲ ಚಿಲಕ ಹಾಕಿ, ಒಬ್ಬಳಿಗೆ ಬೇಕಾದಷ್ಟು ಅಕ್ಕಿ ತೊಳೆದೆ.